ಬುಲೆಟ್‌ಗೆ ಎತ್ತರದ ಹ್ಯಾಂಡಲ್: ಮೊದಲು ಕೇಬಲ್ ಅಳೆಯಿರಿ

ಮೋಟಾರ್‌ಸೈಕಲ್‌ಗೆ ಎತ್ತರದ ಹ್ಯಾಂಡಲ್ ಹಾಕಬೇಕೆಂದು ಅಂಗಡಿಗೆ ಹೋದವರು ಸಾಮಾನ್ಯವಾಗಿ ಅದರ ಆಕಾರ ನೋಡುತ್ತಾರೆ, ಬೆಲೆ ಕೇಳುತ್ತಾರೆ, ಕೊಂಡು ತರುತ್ತಾರೆ. ಹಳೆಯದನ್ನು ಬಿಚ್ಚಿ, ಹೊಸದನ್ನು ಕೂರಿಸಿ, ಕ್ಲಚ್ ಲಿವರನ್ನು ಅದಕ್ಕೆ ಏರಿಸಲು ಹೋದಾಗ ಕೇಬಲ್ ನಾಲ್ಕು ಬೆರಳು ಕೆಳಗೇ ನಿಂತುಬಿಡುತ್ತದೆ. ಕೇಬಲ್‌ಗಳ ವಿಚಾರ ನೆನಪಾಗುವುದು ಆಗಲೇ. ಹ್ಯಾಂಡಲ್ ಬದಲಾಯಿಸುವುದು ನಾಲ್ಕು ಬೋಲ್ಟುಗಳ ಕೆಲಸ. ಉಳಿದ ಇಡೀ ದಿನ ಹೋಗುವುದು ಕೇಬಲ್‌ಗಳಿಗೆ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗವೂ ಕೇಬಲ್‌ಗಳಿಗೇ ಮೀಸಲು.

ಉದಾಹರಣೆಗೆ ಇಟ್ಟುಕೊಂಡಿರುವುದು ನನ್ನ ಬಳಿ ಇರುವಂಥದ್ದೇ ಹಳೆಯ 350 ಸಿಸಿ ಬುಲೆಟ್: ಎರಕದ ಕಬ್ಬಿಣದ ಸಿಲಿಂಡರ್, ಕಾರ್ಬ್ಯುರೇಟರ್, ಮುಂದೆ ಡ್ರಮ್ ಬ್ರೇಕ್. ಅದರ ಹ್ಯಾಂಡಲಿನಿಂದ ಕ್ಲಚ್, ಆಕ್ಸಿಲರೇಟರ್, ಮುಂದಿನ ಬ್ರೇಕ್ ಮತ್ತು ಡೀಕಂಪ್ರೆಸರ್ (ಕಿಕ್ ಮಾಡುವಾಗ ವಾಲ್ವ್ ತೆರೆದು ಎಂಜಿನ್ನಿನ ಒತ್ತಡ ಬಿಡುವ ಲಿವರ್) ಎಂಬ ನಾಲ್ಕು ಕೇಬಲ್‌ಗಳು ಹೊರಡುತ್ತವೆ. ಎಲ್ಲವೂ ಕಣ್ಣಿಗೆ ಕಾಣುತ್ತವೆ, ಕೈಗೆ ಸಿಗುತ್ತವೆ. ಮೀಟರ್ ಹೆಡ್‌ಲೈಟ್ ಡೂಮಿನಲ್ಲೇ ಕೂತಿರುವುದರಿಂದ ಹ್ಯಾಂಡಲ್ ಎಷ್ಟು ಏರಿದರೂ ಮೀಟರ್ ಕೇಬಲ್ಲಿಗೆ ಸಂಬಂಧವಿಲ್ಲ. ಕೆಲಸ ಕಲಿಯುವುದಕ್ಕೆ ಇದಕ್ಕಿಂತ ಅನುಕೂಲವಾದ ಗಾಡಿ ಇಲ್ಲ. ಡಿಸ್ಕ್ ಬ್ರೇಕ್ ಇರುವ ಗಾಡಿಗಳ ವಿಚಾರವನ್ನು ಮುಂದೆ ಪ್ರತ್ಯೇಕವಾಗಿ ಹೇಳಿದ್ದೇನೆ.

ಎಷ್ಟು ಎತ್ತರ ಬೇಕು?

ಇದನ್ನು ಕಣ್ಣಂದಾಜಿನಲ್ಲಿ ನಿರ್ಧರಿಸಬಾರದು. ಗಾಡಿಯ ಎರಡೂ ಚಕ್ರಗಳು ನೆಲದ ಮೇಲಿರುವಂತೆ ಒಬ್ಬರು ಹಿಂದಿನಿಂದ ಹಿಡಿದುಕೊಳ್ಳಲಿ. ನೀವು ಎಂದಿನಂತೆ ಕುಳಿತು, ಬೆನ್ನು ನೇರ ಮಾಡಿ, ಕಣ್ಣು ಮುಚ್ಚಿ, ಎರಡೂ ಕೈಗಳನ್ನು ಎಲ್ಲಿ ಹಿತವೆನಿಸುತ್ತದೋ ಅಲ್ಲಿಗೆ ಚಾಚಿ. ಇನ್ನೊಬ್ಬರು ಒಂದು ಪೊರಕೆ ಹಿಡಿಯ ಕೋಲನ್ನು ನಿಮ್ಮ ಮುಷ್ಟಿಗಳೊಳಗೆ ಅಡ್ಡಲಾಗಿ ಇಟ್ಟು, ಈಗಿರುವ ಗ್ರಿಪ್ಪಿನಿಂದ ಆ ಕೋಲು ಎಷ್ಟು ಮೇಲಿದೆ, ಎಷ್ಟು ಹಿಂದಿದೆ ಎಂಬ ಎರಡು ಅಳತೆಗಳನ್ನು ಟೇಪಿನಿಂದ ಬರೆದುಕೊಳ್ಳಲಿ. ಮೊಣಕೈ ಸ್ವಲ್ಪ ಮಡಿಚಿರಬೇಕು, ಮಣಿಕಟ್ಟು ನೇರವಾಗಿರಬೇಕು, ಮುಷ್ಟಿ ಹೆಗಲಿಗಿಂತ ಕೆಳಗಿರಬೇಕು. ಹೀಗೆ ಅಳೆದಾಗ ಬಹಳ ಮಂದಿಗೆ ಬೇಕಾಗುವುದು ಎರಡರಿಂದ ನಾಲ್ಕು ಇಂಚು ಮಾತ್ರ ಎಂಬುದು ನನ್ನ ಅನುಭವ. ಅದಕ್ಕಿಂತ ಹೆಚ್ಚಿನದು ನೋಟಕ್ಕೆ, ಬೆನ್ನಿಗಲ್ಲ.

ಒಂದು ಇಂಚಿನಷ್ಟೇ ಸಾಕಾದರೆ ಹ್ಯಾಂಡಲನ್ನೇ ಬದಲಾಯಿಸುವ ಅಗತ್ಯವಿಲ್ಲ. ಹ್ಯಾಂಡಲನ್ನು ಹಿಡಿದಿಡುವ ಕ್ಲ್ಯಾಂಪಿನ ಕೆಳಗೆ ಕೂರುವ ರೈಸರ್‌ಗಳು ಸಿಗುವ ಗಾಡಿಗಳಲ್ಲಿ ಅವುಗಳನ್ನು ಹಾಕಿ, ಇರುವ ಕೇಬಲ್‌ಗಳ ದಾರಿಯನ್ನೇ ಸ್ವಲ್ಪ ಸಡಿಲಿಸಿಕೊಂಡು ಕೆಲಸ ಮುಗಿಸಬಹುದು.

ಹ್ಯಾಂಡಲ್ ಎತ್ತರವಾದಾಗ ಗಾಡಿಯ ಸ್ವಭಾವವೂ ಬದಲಾಗುತ್ತದೆ. ಸವಾರನ ಮೈಭಾರ ಹಿಂದಕ್ಕೆ ಸರಿಯುವುದರಿಂದ ಮುಂದಿನ ಚಕ್ರದ ಮೇಲಿನ ಒತ್ತಡ ಕಡಿಮೆಯಾಗುತ್ತದೆ, ಹೆದ್ದಾರಿಯಲ್ಲಿ ಗಾಳಿ ನೇರವಾಗಿ ಎದೆಗೆ ಬಡಿಯುತ್ತದೆ, ಆ ಗಾಳಿಯನ್ನು ತಡೆಯಲು ನಾವು ಹ್ಯಾಂಡಲನ್ನೇ ಹಿಡಿದು ಎಳೆಯತೊಡಗುತ್ತೇವೆ. ಗಂಟೆಗೆ 60 ಕಿಲೋಮೀಟರಿನಲ್ಲಿ ಸುಖವೆನಿಸಿದ ಹ್ಯಾಂಡಲ್ 90ರಲ್ಲಿ ತೋಳು ನೋಯಿಸಬಹುದು. ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಹೋಗುವವರೂ ಬಸವನಗುಡಿಯಿಂದ ಮೆಜೆಸ್ಟಿಕ್‌ಗೆ ಹೋಗುವವರೂ ಒಂದೇ ಎತ್ತರವನ್ನು ಆರಿಸಬೇಕಾಗಿಲ್ಲ.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯ ತೀರ್ಪಿನಲ್ಲಿ ಇದನ್ನು ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಆದ್ದರಿಂದ ನಿಮ್ಮ ಮಾಡೆಲ್‌ಗೆಂದೇ ಕಂಪನಿ ಮಾರುವ ಎತ್ತರದ ಹ್ಯಾಂಡಲ್ ಇದ್ದರೆ ಅದನ್ನೇ ಆರಿಸಿಕೊಂಡು ಬಿಲ್ಲನ್ನು ಜೋಪಾನವಾಗಿಡಿ. ಇಲ್ಲದಿದ್ದರೆ ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಕೊಳ್ಳುವಾಗ ದಪ್ಪವನ್ನು ನೋಡಿಕೊಳ್ಳಬೇಕು. ಬುಲೆಟ್ ಸೇರಿದಂತೆ ನಮ್ಮಲ್ಲಿನ ಬಹುತೇಕ ಗಾಡಿಗಳ ಹ್ಯಾಂಡಲ್ ಪೈಪು 22 ಎಂಎಂ, ಅಂದರೆ ಇಂಚಿನ ಎಂಟರಲ್ಲಿ ಏಳು ಭಾಗ. ಹಾರ್ಲೆಯಂಥ ಗಾಡಿಗಳದು ಒಂದು ಇಂಚು. ನಡುವೆ 28.6 ಎಂಎಂ ಇದ್ದು ತುದಿಗಳಲ್ಲಿ 22ಕ್ಕೆ ಇಳಿಯುವ ಹ್ಯಾಂಡಲ್‌ಗಳೂ ಇವೆ; ಅವು ಮಾಮೂಲಿ ಕ್ಲ್ಯಾಂಪಿನಲ್ಲಿ ಕೂರುವುದಿಲ್ಲ. ವರ್ನಿಯರ್ ಇಟ್ಟು ನೋಡದೆ ದುಡ್ಡು ಕೊಡಬೇಡಿ. ಎರಡು ಕ್ಲ್ಯಾಂಪುಗಳೂ ಹಿಡಿಯುವ ನಡುಭಾಗ ನೇರವಾಗಿದೆಯೇ, ಬಾಗು ಶುರುವಾಗುವ ಜಾಗ ಕ್ಲ್ಯಾಂಪಿನೊಳಕ್ಕೆ ಬರುತ್ತದೆಯೇ ಎಂಬುದನ್ನೂ ಗಮನಿಸಿ.

ಕೇಬಲ್ ಅಳೆಯುವ ಬಗೆ

ಮೊದಲ ಸಲ ಈ ಕೆಲಸಕ್ಕೆ ಕೈ ಹಾಕಿದಾಗ ನಾನು ಮಾಡಿದ ಲೆಕ್ಕ ಬಹಳ ಸರಳವಾಗಿತ್ತು: ಹ್ಯಾಂಡಲ್ ನಾಲ್ಕು ಇಂಚು ಎತ್ತರ, ಆದ್ದರಿಂದ ಪ್ರತಿ ಕೇಬಲ್ಲೂ ನಾಲ್ಕು ಇಂಚು ಉದ್ದ. ಅದರಂತೆಯೇ ಮಾಡಿಸಿ ತಂದು ಜೋಡಿಸಿದೆ. ಗಾಡಿ ನೆಟ್ಟಗೆ ಹೋಗುವಾಗ ಎಲ್ಲವೂ ಸರಿಯಾಗಿತ್ತು. ಮೂರನೆಯ ದಿನ ಒಂದು ಇಕ್ಕಟ್ಟಿನ ಅಡ್ಡರಸ್ತೆಯಲ್ಲಿ ಯೂ ಟರ್ನ್ ತೆಗೆದುಕೊಳ್ಳಲು ಹ್ಯಾಂಡಲನ್ನು ಪೂರ್ತಿ ಬಲಕ್ಕೆ ತಿರುಗಿಸಿದಾಗ, ನಾನು ಆಕ್ಸಿಲರೇಟರ್ ಮುಟ್ಟದಿದ್ದರೂ ಎಂಜಿನ್ ಗುಡುಗಿ ಗಾಡಿ ಮುಂದಕ್ಕೆ ನುಗ್ಗಿತು. ಎದುರಿನ ಕಾಂಪೌಂಡ್ ಗೋಡೆಗೂ ಮುಂದಿನ ಚಕ್ರಕ್ಕೂ ಒಂದು ಗೇಣು ಉಳಿದಿತ್ತು. ಹ್ಯಾಂಡಲ್ ತಿರುಗಿದಾಗ ಕೇಬಲ್ ಬಿಗಿದು, ಎಂಜಿನ್ನಿಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ಕಾರ್ಬ್ಯುರೇಟರಿನ ಸ್ಲೈಡನ್ನು ತಾನಾಗಿಯೇ ಎಳೆದಿತ್ತು. ತಪ್ಪು ಪೂರ್ತಿ ನನ್ನದೇ. ಹೊಸ ಹ್ಯಾಂಡಲ್ ಎತ್ತರವಾಗಿದ್ದಷ್ಟೇ ಅಲ್ಲದೆ ಹಿಂದಕ್ಕೂ ಬಾಗಿತ್ತು, ತುದಿಗಳು ಇನ್ನಷ್ಟು ಅಗಲವಾಗಿದ್ದವು. ತಿರುಗಿಸಿದಾಗ ತುದಿ ಸಾಗುವ ದೂರವನ್ನು ನಾನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ.

ಆದ್ದರಿಂದ ಕೇಬಲ್ ಕೊಳ್ಳುವ ಮೊದಲು ಹೊಸ ಹ್ಯಾಂಡಲನ್ನು ಗಾಡಿಯ ಮೇಲೆ ಕೂರಿಸಿ ಅಳೆಯಬೇಕು. ಹಳೆಯ ಹ್ಯಾಂಡಲನ್ನು ಲಿವರ್, ಸ್ವಿಚ್ಚುಗಳ ಸಮೇತ ಬಿಚ್ಚಿ, ಟ್ಯಾಂಕಿನ ಮೇಲೆ ದಪ್ಪ ಬಟ್ಟೆ ಹಾಸಿ ಅದರ ಮೇಲೆ ಮಲಗಿಸಿ. ಹೊಸದನ್ನು ಕ್ಲ್ಯಾಂಪಿನಲ್ಲಿ ಕೈಬಿಗಿಯಷ್ಟು ಹಿಡಿಸಿ, ಕುಳಿತು ನೋಡಿ ಅದರ ಓರೆಯನ್ನು ನಿಮಗೆ ಬೇಕಾದಂತೆ ಹೊಂದಿಸಿಕೊಳ್ಳಿ. ಲಿವರ್‌ಗಳು ಬರುವ ಜಾಗವನ್ನು ಟೇಪಿನಿಂದ ಗುರುತು ಮಾಡಿ.

ಅಳೆಯಲು ದಾರವನ್ನು ಬಳಸಬೇಡಿ. ದಾರ ಮೂಲೆಗಳಲ್ಲಿ ಕೇಬಲ್ ಎಂದೂ ಮಡಿಚದಷ್ಟು ಚೂಪಾಗಿ ಮಡಿಚಿಕೊಂಡು ಕಡಿಮೆ ಅಳತೆಯನ್ನು ಕೊಡುತ್ತದೆ. ಹಳೆಯ ಸೈಕಲ್ ಬ್ರೇಕ್ ಕೇಬಲ್ಲಿನ ಔಟರ್, ಅಂದರೆ ಹೊರಗಿನ ಕವಚ, ಸಿಕ್ಕರೆ ಅದೇ ಸರಿಯಾದ ಸಾಧನ. ಎರಡು ತುಂಡುಗಳನ್ನು ಟೇಪಿನಿಂದ ಜೋಡಿಸಿಕೊಂಡರೂ ಆದೀತು. ಅದನ್ನು ಲಿವರಿನ ಅಡ್ಜಸ್ಟರ್ ಇರುವ ಜಾಗದಿಂದ, ಹಳೆಯ ಕೇಬಲ್ ಹೋಗುತ್ತಿದ್ದ ದಾರಿಯಲ್ಲೇ, ಡೂಮಿನ ಪಕ್ಕದಿಂದ ಟ್ಯಾಂಕಿನ ಕೆಳಗೆ ಹಾಯಿಸಿ ಇನ್ನೊಂದು ತುದಿ ಕೂರುವ ಜಾಗದವರೆಗೆ ಒಯ್ಯಿರಿ. ಈಗ ಹ್ಯಾಂಡಲನ್ನು ನಿಧಾನವಾಗಿ ಪೂರ್ತಿ ಎಡಕ್ಕೆ, ಮತ್ತೆ ಪೂರ್ತಿ ಬಲಕ್ಕೆ ತಿರುಗಿಸಿ. ಯಾವ ಕಡೆ ತಿರುಗಿದಾಗ ಔಟರ್ ಎಳೆತಕ್ಕೆ ಬರುತ್ತದೋ ಆ ಸ್ಥಿತಿಯಲ್ಲಿ ಅದು ಆರಾಮವಾಗಿ ಬಾಗಿಕೊಂಡಿರುವಷ್ಟು ಬಿಟ್ಟು ಗುರುತು ಹಾಕಿ. ಯಾವ ಕೇಬಲ್ ಯಾವ ಕಡೆಗೆ ಬಿಗಿಯುತ್ತದೆ ಎಂಬುದು ಅದು ಸಾಗುವ ದಾರಿಯನ್ನು ಅವಲಂಬಿಸಿರುವುದರಿಂದ ನಾಲ್ಕನ್ನೂ ಬೇರೆಬೇರೆಯಾಗಿಯೇ ಅಳೆಯಬೇಕು. ನನ್ನ ಗಾಡಿಯಲ್ಲಿ ಕೊನೆಗೆ ಆಕ್ಸಿಲರೇಟರಿಗೆ 140 ಎಂಎಂ ಹೆಚ್ಚು ಬೇಕಾಯಿತು, ಕ್ಲಚ್‌ಗೆ 120.

ಮುಂದಿನ ಬ್ರೇಕ್ ಕೇಬಲ್ಲಿಗೆ ಇನ್ನೊಂದು ತೊಡಕಿದೆ. ಅದರ ಕೆಳತುದಿ ಚಕ್ರದ ಜೊತೆಗೇ ಮೇಲೆ ಕೆಳಗೆ ಆಡುತ್ತದೆ. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ ಒಬ್ಬರು ಹಿಂದಿನ ಭಾಗವನ್ನು ಒತ್ತಿ ಹಿಡಿದರೆ ಮುಂದಿನ ಚಕ್ರ ನೆಲ ಬಿಡುತ್ತದೆ, ಶಾಕ್ ಅಬ್ಸಾರ್ಬರ್ ಪೂರ್ತಿ ಚಾಚಿಕೊಳ್ಳುತ್ತದೆ. ಬ್ರೇಕ್ ಕೇಬಲನ್ನು ಅಳೆಯಬೇಕಾದದ್ದು ಆ ಸ್ಥಿತಿಯಲ್ಲಿ. ಆಮೇಲೆ ಗಾಡಿಯನ್ನು ಇಳಿಸಿ ಮುಂಭಾಗವನ್ನು ಒತ್ತಿ, ಹೆಚ್ಚಾದ ಉದ್ದ ಟೈರಿನ ಕಡೆಗೆ ಬಾಗುವುದಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಅಗತ್ಯಕ್ಕಿಂತ ಉದ್ದವೂ ಒಳ್ಳೆಯದಲ್ಲ. ಕೇಬಲ್ ಹಾವಿನಂತೆ ಸುತ್ತಿಕೊಂಡಷ್ಟೂ ಒಳಗಿನ ತಂತಿ ಔಟರಿಗೆ ಉಜ್ಜಿ ಲಿವರ್ ಭಾರವಾಗುತ್ತದೆ. ಇಲ್ಲೇ ಒಂದು ಸಣ್ಣ ವಿಷಯವನ್ನು ಗಟ್ಟಿಯಾಗಿ ಹೇಳಬೇಕು, ಏಕೆಂದರೆ ಕೇಬಲ್ ಮಾಡಿಸಿಕೊಂಡು ಬಂದವರು ಹೆಚ್ಚಾಗಿ ಎಡವುವುದು ಇದರಲ್ಲೇ. ಕೇಬಲ್ಲಿನಲ್ಲಿ ಎರಡು ಉದ್ದಗಳಿವೆ: ಹೊರಗಿನ ಔಟರಿನದು ಮತ್ತು ಒಳಗಿನ ಇನ್ನರಿನದು. ಔಟರನ್ನು ಒಂದು ತುದಿಯ ನಿಪಲ್ಲಿಗೆ (ಇನ್ನರಿನ ತುದಿಗೆ ಬೆಸೆದ ಸಣ್ಣ ಲೋಹದ ಗುಂಡಿಗೆ) ತಾಗುವಂತೆ ಒತ್ತಿ ಹಿಡಿದರೆ ಇನ್ನೊಂದು ತುದಿಯಲ್ಲಿ ಒಂದಿಷ್ಟು ಇನ್ನರ್ ಬರಿದಾಗಿ ಹೊರಗುಳಿಯುತ್ತದೆ. ಹ್ಯಾಂಡಲ್ ಎಷ್ಟೇ ಎತ್ತರವಾದರೂ ಈ ಹೊರಗುಳಿಯುವ ಉದ್ದ ಹಳೆಯ ಕೇಬಲ್ಲಿನಲ್ಲಿ ಎಷ್ಟಿತ್ತೋ ಅಷ್ಟೇ ಇರಬೇಕು. ಹಳೆಯ ಔಟರ್ 1,000 ಎಂಎಂ, ಇನ್ನರ್ 1,100 ಎಂಎಂ ಇದ್ದರೆ ಹೊರಗುಳಿಯುವುದು 100. ಹೊಸ ಔಟರ್ 1,120 ಆದರೆ ಇನ್ನರ್ 1,220 ಆಗಬೇಕು, 1,210 ಅಲ್ಲ. ಆ 10 ಎಂಎಂ ಕಡಿಮೆಯಾದರೆ ಕ್ಲಚ್ ಸದಾ ಅರ್ಧ ಒತ್ತಿದ ಸ್ಥಿತಿಯಲ್ಲಿದ್ದು ಪ್ಲೇಟುಗಳು ಸವೆಯುತ್ತವೆ. 10 ಎಂಎಂ ಹೆಚ್ಚಾದರೆ ಅಡ್ಜಸ್ಟರನ್ನು ಕೊನೆಯವರೆಗೆ ತಿರುಗಿಸಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ. ಅಳೆಯುವಾಗ ಕೇಬಲ್ಲಿನ ನಡುವೆ ಅಡ್ಜಸ್ಟರ್ ಇದ್ದರೆ ಅದನ್ನು ಪೂರ್ತಿ ಒಳಕ್ಕೆ ತಿರುಗಿಸಿಟ್ಟುಕೊಳ್ಳಿ.

ರೆಡಿ ಕೇಬಲ್, ಮಾಡಿಸಿದ ಕೇಬಲ್

ಎತ್ತರದ ಹ್ಯಾಂಡಲ್ಲಿಗೆಂದೇ ಉದ್ದದ ಕೇಬಲ್‌ಗಳು ಸೆಟ್ಟಾಗಿ ಸಿಗುತ್ತವೆ. ನಿಮ್ಮ ಅಳತೆಗೆ ಅವು ಹೊಂದಿದರೆ ಬೇರೆ ಯೋಚನೆ ಬೇಡ. ಹೊಂದದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಮಾಡಿಸಿಕೊಳ್ಳಬೇಕಾಗುತ್ತದೆ. ಹಳೆಯ ಕೇಬಲನ್ನು ತಪ್ಪದೆ ಜೊತೆಗೆ ಒಯ್ಯಿರಿ. ನಿಪಲ್ಲಿನ ಆಕಾರವನ್ನು ಬಾಯಲ್ಲಿ ವಿವರಿಸುವುದಕ್ಕಿಂತ ತೋರಿಸುವುದು ಸುಲಭ. ಬೇಕಾದ ಔಟರ್ ಉದ್ದ ಮತ್ತು ಹೊರಗುಳಿಯುವ ಉದ್ದ ಎರಡನ್ನೂ ಚೀಟಿಯಲ್ಲಿ ಬರೆದುಕೊಡಿ.

ಕೇಬಲ್ ಮಾಡುವ ಕೆಲಸವನ್ನು ಒಮ್ಮೆ ಹತ್ತಿರ ನಿಂತು ನೋಡಿದರೆ ಒಳ್ಳೆಯ ಕೇಬಲ್ ಯಾವುದು, ಕೆಟ್ಟದ್ದು ಯಾವುದು ಎಂಬುದು ತಿಳಿಯುತ್ತದೆ. ಔಟರನ್ನು ಕತ್ತರಿಸಿದ ಮೇಲೆ ಅದರ ಬಾಯನ್ನು ಅರದಿಂದ ಸಮ ಮಾಡಿ, ಒಳಗೆ ಮೊಳೆಯ ತುದಿ ತೂರಿಸಿ ತೂತನ್ನು ಗುಂಡಗೆ ಮಾಡಿ, ಮೇಲೆ ಟೋಪಿ ಹಾಕುತ್ತಾರೆ. ಇನ್ನರನ್ನು ಕತ್ತರಿಸುವ ಮೊದಲು ಆ ಜಾಗಕ್ಕೆ ತವರ ಹಿಡಿಸಿದರೆ ಎಳೆಗಳು ಬಿಚ್ಚಿಕೊಳ್ಳುವುದಿಲ್ಲ. ಅನಂತರ ಇನ್ನರನ್ನು ನಿಪಲ್ಲಿನ ತೂತಿನಲ್ಲಿ ತೂರಿಸಿ, ಹೊರಬಂದ ಎರಡು ಮೂರು ಎಂಎಂ ತುದಿಯ ಎಳೆಗಳನ್ನು ಹೂವಿನ ದಳಗಳಂತೆ ಸುತ್ತಲೂ ಅರಳಿಸುತ್ತಾರೆ. ನಿಪಲ್ಲಿನ ಆ ಕಡೆಯ ಬಾಯಿ ಲಾಳಿಕೆಯಂತೆ ಅಗಲವಾಗಿರುತ್ತದೆ. ಅರಳಿದ ಎಳೆಗಳು ಅಲ್ಲಿ ಸಿಕ್ಕಿಕೊಂಡು ಕೂರುತ್ತವೆ. ಫ್ಲಕ್ಸ್ ಹಚ್ಚಿ ಕರಗಿದ ಬೆಸುಗೆಯಲ್ಲಿ ಅದ್ದಿದಾಗ ಬೆಸುಗೆ ಎಳೆಗಳ ನಡುವೆ ಇಳಿದು ಎಲ್ಲವೂ ಒಂದೇ ಗಟ್ಟಿಯಾಗುತ್ತದೆ. ಎಳೆಗಳನ್ನು ಅರಳಿಸದೆ ನೇರವಾಗಿ ತೂರಿಸಿ ಬೆಸೆದ ನಿಪಲ್ ನೋಡಲು ಹಾಗೆಯೇ ಕಂಡರೂ ಒಂದು ದಿನ ಕೈಗೇ ಬರುತ್ತದೆ. ಇಲ್ಲಿ ಗ್ಯಾಸ್ ವೆಲ್ಡಿಂಗಿನ ಬೆಂಕಿಯನ್ನು ಬಳಸಕೂಡದು; ಆ ಶಾಖಕ್ಕೆ ಉಕ್ಕಿನ ಎಳೆಗಳು ತಮ್ಮ ಬಿಗಿಯನ್ನು ಕಳೆದುಕೊಂಡು ನಿಪಲ್ಲಿನ ಬುಡದಲ್ಲೇ ತುಂಡಾಗುತ್ತವೆ. ತವರ-ಸೀಸದ ಬೆಸುಗೆ ಸುಮಾರು 190 ಡಿಗ್ರಿಯೊಳಗೇ ಕರಗುವುದರಿಂದ ತಂತಿಗೆ ಅಪಾಯವಿಲ್ಲ.

ಆಕ್ಸಿಲರೇಟರ್, ಡೀಕಂಪ್ರೆಸರ್ ಕೇಬಲ್‌ಗಳನ್ನು ಮನೆಯಲ್ಲೇ ಮಾಡಿಕೊಳ್ಳುವವರಿದ್ದಾರೆ. ಮುಂದಿನ ಬ್ರೇಕಿನದನ್ನು ಮಾತ್ರ ಮಾಡಿಕೊಳ್ಳಬೇಡಿ. ಕೈ ಪಳಗಿದವರಿಂದಲೇ ಮಾಡಿಸಿ ಅಥವಾ ರೆಡಿಯಾಗಿರುವುದನ್ನೇ ಕೊಳ್ಳಿ. ಯಾವುದೇ ಕೇಬಲ್ ಆಗಲಿ, ಹಳೆಯದಕ್ಕೆ ತುಂಡು ಸೇರಿಸಿ ಉದ್ದ ಮಾಡುವ ಮಾತೇ ಬೇಡ.

ಹೊಸ ಕೇಬಲ್ಲಿಗೆ ಎಣ್ಣೆ ಬಿಡುವ ಹಳೆಯ ಉಪಾಯ ಈಗಲೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಪ್ಲಾಸ್ಟಿಕ್ ಕವರಿನ ಮೂಲೆಯನ್ನು ಕತ್ತರಿಸಿ ಔಟರಿನ ಬಾಯಿಗೆ ಬಿಗಿಯಾಗಿ ಕಟ್ಟಿ, ಕೇಬಲನ್ನು ಗೋಡೆಯ ಮೊಳೆಗೆ ನೇತುಹಾಕಿ, ಕವರಿಗೆ ಒಂದೆರಡು ಚಮಚ ತೆಳು ಎಣ್ಣೆ ಸುರಿದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕೆಳತುದಿಯಿಂದ ಎಣ್ಣೆ ತೊಟ್ಟಿಕ್ಕಿರುತ್ತದೆ. ಕೆಳಗೆ ಹಳೆಯ ಪತ್ರಿಕೆ ಹಾಸುವುದನ್ನು ಮರೆತರೆ ಮನೆಯವರಿಗೆ ಉತ್ತರಿಸುವ ಹೊಣೆ ನಿಮ್ಮದು. ಒಳಗೆ ಟೆಫ್ಲಾನ್ ಪದರ ಇರುವ ಕೇಬಲ್‌ಗಳಿಗೆ ಇದರ ಅಗತ್ಯವಿಲ್ಲ.

ಬಿಚ್ಚುವುದು, ಕೂರಿಸುವುದು

ಸ್ವಿಚ್ಚುಗಳನ್ನು ಮುಟ್ಟುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ. ಪ್ರತಿಯೊಂದು ಕೇಬಲ್ ಯಾವುದರ ಎಡಕ್ಕೆ, ಯಾವುದರ ಹಿಂದೆ ಹೋಗುತ್ತದೆ ಎಂಬುದನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಗ್ರಿಪ್ ಹೊರಬರಲು ಹಟ ಮಾಡಿದರೆ ಅದರ ಅಂಚಿನೊಳಗೆ ತೆಳ್ಳನೆಯ ಸ್ಕ್ರೂಡ್ರೈವರ್ ತೂರಿಸಿ ಸ್ವಲ್ಪ ಸ್ಪಿರಿಟ್ ಬಿಟ್ಟು ತಿರುಚಿ. ಹೊಸ ಗ್ರಿಪ್ ಹಾಕುವುದಾದರೆ ಹಳೆಯದನ್ನು ಬ್ಲೇಡಿನಿಂದ ಸೀಳುವುದೇ ನೇರ ದಾರಿ. ಬಲಗಡೆಯ ಗ್ರಿಪ್ ಆಕ್ಸಿಲರೇಟರ್ ಕೊಳವೆಯ ಮೇಲೆ ಕೂರುವುದರಿಂದ ಅದರ ತೂತು ಎಡಗಡೆಯದಕ್ಕಿಂತ ದೊಡ್ಡದು. ಎರಡನ್ನೂ ಅದಲುಬದಲು ಮಾಡಿಕೊಳ್ಳಬೇಡಿ.

ಹೊಸ ಹ್ಯಾಂಡಲನ್ನು ಕ್ಲ್ಯಾಂಪಿನ ನಡುವೆ ಸರಿಯಾಗಿ ಮಧ್ಯಕ್ಕೆ ತಂದು ಬೋಲ್ಟುಗಳನ್ನು ಸರದಿಯ ಮೇಲೆ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಕ್ಲ್ಯಾಂಪಿನ ಮುಚ್ಚಳದ ಮೇಲೆ ಬಾಣದ ಅಥವಾ ಚುಕ್ಕಿಯ ಗುರುತಿದ್ದರೆ ಅದು ಸಾಮಾನ್ಯವಾಗಿ ಮುಂದಕ್ಕೆ ಬರಬೇಕು. ಅಂಥ ಕ್ಲ್ಯಾಂಪುಗಳಲ್ಲಿ ಮುಂದಿನ ಬೋಲ್ಟುಗಳನ್ನು ಮೊದಲು ಪೂರ್ತಿ ಬಿಗಿದು, ಹಿಂದಿನವುಗಳನ್ನು ಆಮೇಲೆ ಬಿಗಿಯುತ್ತಾರೆ, ಸಂದು ಹಿಂದೆ ಮಾತ್ರ ಉಳಿಯುತ್ತದೆ. ಗುರುತಿಲ್ಲದಿದ್ದರೆ ಹಿಂದೆ ಮುಂದೆ ಸಂದು ಒಂದೇ ಸಮನಾಗಿರಲಿ. 8 ಎಂಎಂ ಬೋಲ್ಟುಗಳಿಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಬಿಗಿ ಸಾಕು. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕ ಬೇರೆ ಅಂಕಿ ಹೇಳಿದರೆ ಅದನ್ನೇ ಅನುಸರಿಸಿ. ಬಿಗಿದ ಮೇಲೆ ಹ್ಯಾಂಡಲಿನ ತುದಿಗಳನ್ನು ಹಿಡಿದು ಮೈಭಾರ ಹಾಕಿ ಒತ್ತಿದರೂ ಅದು ಕ್ಲ್ಯಾಂಪಿನಲ್ಲಿ ತಿರುಗಬಾರದು. ಎತ್ತರದ ಹ್ಯಾಂಡಲ್ ಒಂದು ಉದ್ದದ ಸನ್ನೆಕೋಲಿದ್ದಂತೆ; ಗುಂಡಿಯಲ್ಲಿ ಚಕ್ರ ಇಳಿದಾಗ ಕ್ಲ್ಯಾಂಪಿನ ಮೇಲೆ ಬೀಳುವ ಬಲ ಮೊದಲಿಗಿಂತ ಹೆಚ್ಚು.

ಅನೇಕ ಗಾಡಿಗಳ ಸ್ವಿಚ್ ಡಬ್ಬಿಯ ಒಳಗೆ ಒಂದು ಸಣ್ಣ ಗೂಟವಿದ್ದು, ಅದು ಹ್ಯಾಂಡಲಿನ ತೂತಿನಲ್ಲಿ ಕೂರುತ್ತದೆ. ಹೊಸ ಹ್ಯಾಂಡಲಿನಲ್ಲಿ ಆ ತೂತು ಇಲ್ಲದಿದ್ದರೆ ಎಲ್ಲವನ್ನೂ ಹೊಂದಿಸಿ, ಗುರುತು ಮಾಡಿ, ಗೂಟದ ಅಳತೆಗೆ ಸರಿಯಾಗಿ ಒಂದೇ ತೂತನ್ನು ಕೊರೆಯಬೇಕು. ಗೂಟವನ್ನೇ ಅರದಿಂದ ಉಜ್ಜಿ ತೆಗೆದರೆ ಸ್ವಿಚ್ ಡಬ್ಬಿ ದಿನಕಳೆದಂತೆ ತಿರುಗಲು ಶುರುವಾಗುತ್ತದೆ.

ಸ್ವಿಚ್ಚುಗಳ ವೈರ್ ಸಾಲದೆ ಬಂದರೆ ಉದ್ದ ಮಾಡಬಹುದು, ಕೇಬಲ್ಲಿನ ಹಾಗಲ್ಲ. ಅಷ್ಟೇ ದಪ್ಪದ, ಸಾಧ್ಯವಾದರೆ ಅದೇ ಬಣ್ಣದ ವೈರಿನ ತುಂಡುಗಳನ್ನು ಬೆಸೆದು, ಮೇಲೆ ಹೀಟ್ ಶ್ರಿಂಕ್ ಕೊಳವೆ ಹಾಕಿ. ಎಲ್ಲ ಜೋಡಣೆಗಳನ್ನೂ ಒಂದೇ ಕಡೆ ತಂದರೆ ಅಲ್ಲೊಂದು ಗಂಟಾಗುತ್ತದೆ. ಒಂದಕ್ಕಿಂತ ಒಂದನ್ನು ಅರ್ಧ ಇಂಚು ಆಚೀಚೆ ಇಡಿ. ಬರೀ ತಿರುಚಿ ಇನ್ಸುಲೇಷನ್ ಟೇಪು ಸುತ್ತಿದ್ದು ಮೊದಲ ಮಳೆಗಾಲವನ್ನೂ ದಾಟುವುದಿಲ್ಲ.

ಕೇಬಲ್ ಹಾಯಿಸುವುದು

ಹಳೆಯ ಕೇಬಲನ್ನು ಎಳೆದು ಬಿಸಾಡುವ ಮೊದಲು ಅದರ ಒಂದು ತುದಿಗೆ ಗಟ್ಟಿ ದಾರ ಕಟ್ಟಿ. ಕೇಬಲ್ ಹೊರಬಂದಂತೆ ದಾರ ಅದರ ದಾರಿಯಲ್ಲಿ ಉಳಿಯುತ್ತದೆ. ಅದೇ ದಾರಕ್ಕೆ ಹೊಸ ಕೇಬಲ್ ಕಟ್ಟಿ ವಾಪಸ್ಸು ಎಳೆದರೆ ಟ್ಯಾಂಕ್ ಇಳಿಸದೆಯೂ ಕೆಲಸವಾಗುವುದುಂಟು. ಆದರೂ ಟ್ಯಾಂಕ್ ಇಳಿಸಿ ಮಾಡುವುದೇ ಲೇಸೆಂದು ನಾನು ಹೇಳುತ್ತೇನೆ, ಏಕೆಂದರೆ ಕೇಬಲ್ ಟ್ಯಾಂಕಿನ ಅಡಿಯಲ್ಲಿ ಎಲ್ಲಿಯೂ ಅಪ್ಪಚ್ಚಿಯಾಗುತ್ತಿಲ್ಲ ಎಂಬುದು ಕಣ್ಣಿಗೆ ಕಂಡಾಗಲೇ ನೆಮ್ಮದಿ. ಕೇಬಲ್ ಸಿಲಿಂಡರ್ ಹೆಡ್‌ಗೂ ಸೈಲೆನ್ಸರ್ ಪೈಪಿಗೂ ತಾಗಬಾರದು, ಎಲ್ಲಿಯೂ ಚೂಪಾಗಿ ಮಡಿಚಬಾರದು. ಕೇಬಲ್ ಟೈ ಹಾಕುವಾಗ ಬಿಗಿದು ಕಟ್ಟದೆ, ಕೇಬಲ್ ಅದರೊಳಗೆ ಜಾರುವಷ್ಟು ಸಡಿಲ ಬಿಡಿ.

ಕಾರ್ಬ್ಯುರೇಟರಿನ ತುದಿಯೇ ಈ ಕೆಲಸದಲ್ಲಿ ಅತ್ಯಂತ ನಾಜೂಕಿನದು. ಮೇಲಿನ ಮುಚ್ಚಳ ತಿರುಗಿಸಿ ಎತ್ತಿದರೆ ಸ್ಪ್ರಿಂಗ್, ಸ್ಲೈಡ್, ಸೂಜಿ ಮೂರೂ ಒಟ್ಟಿಗೆ ಹೊರಬರುತ್ತವೆ. ಸ್ಪ್ರಿಂಗನ್ನು ಮುಚ್ಚಳದ ಕಡೆಗೆ ಒತ್ತಿ ಹಿಡಿದು ಇನ್ನರಿನ ನಿಪಲನ್ನು ಸ್ಲೈಡಿನ ಸೀಳಿನಿಂದ ಜಾರಿಸಿ ಬಿಡಿಸಬೇಕು. ಸೂಜಿಯ ಕ್ಲಿಪ್ ಯಾವ ಗೀರಿನಲ್ಲಿತ್ತೆಂದು ನೋಡಿಟ್ಟುಕೊಂಡು ಅದನ್ನು ಅಲುಗಿಸದಿರಬೇಕು. ಹೊಸ ಕೇಬಲನ್ನು ಮುಚ್ಚಳ, ಸ್ಪ್ರಿಂಗ್, ಸ್ಲೈಡ್ ಈ ಕ್ರಮದಲ್ಲಿ ಪೋಣಿಸಿ, ಸ್ಲೈಡಿನ ಕೆಳಅಂಚಿನ ಓರೆ ಕಡಿತ ಏರ್ ಫಿಲ್ಟರಿನ ಕಡೆಗೆ ಇರುವಂತೆ ಇಳಿಸಿ. ಸ್ಲೈಡಿನ ಪಕ್ಕದ ಗೀರು ಒಳಗಿನ ಪಿನ್ನಿಗೆ ಕೂತಾಗ ಅದು ತನ್ನ ಭಾರಕ್ಕೇ ಸರಾಗವಾಗಿ ಕೆಳಗಿಳಿಯುತ್ತದೆ. ಇಳಿಯದಿದ್ದರೆ ಒತ್ತಬೇಡಿ, ತುಸು ತಿರುಗಿಸಿ ನೋಡಿ. ಹಿಂದುಮುಂದಾಗಿ ಕೂತ ಸ್ಲೈಡನ್ನು ಒತ್ತಿ ಮುಚ್ಚಳ ಬಿಗಿದವರು ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಅದು ಪೂರ್ತಿ ರೇಸಿನಲ್ಲಿ ಅರಚುವುದನ್ನು ಕೇಳುತ್ತಾರೆ.

ಗ್ರಿಪ್ಪಿನಲ್ಲಿ ಎರಡರಿಂದ ಐದು ಎಂಎಂ ಪ್ಲೇ (ಕೇಬಲ್ ಎಳೆಯತೊಡಗುವ ಮೊದಲಿನ ಸಡಿಲ) ಇರುವಂತೆ ಆಕ್ಸಿಲರೇಟರನ್ನು ಹೊಂದಿಸಿ. ಕ್ಲಚ್ ಲಿವರ್ ಮತ್ತು ಅದರ ಹೋಲ್ಡರಿನ ನಡುವೆ ಎರಡು ಮೂರು ಎಂಎಂ ಬಿಡುವಿರಲಿ. ಡೀಕಂಪ್ರೆಸರ್ ಕೇಬಲ್ ಸಣ್ಣದೆಂದು ಅಲಕ್ಷ್ಯ ಮಾಡಬೇಡಿ: ಅದಕ್ಕೆ ಪ್ಲೇ ಇಲ್ಲದಿದ್ದರೆ ವಾಲ್ವ್ ಕೂದಲೆಳೆಯಷ್ಟು ತೆರೆದೇ ಇದ್ದು, ಎಂಜಿನ್ನಿನ ಒತ್ತಡ ಸೋರಿ, ಕಿಕ್ ಹಗುರವಾಗಿ, ಗಾಡಿ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಎಷ್ಟೋ ಮಂದಿ ಆಗ ಪಿಸ್ಟನ್ ರಿಂಗ್ ಹೋಯಿತೆಂದು ಎಂಜಿನ್ ಬಿಚ್ಚಿಸಿದ್ದಾರೆ.

ಡಿಸ್ಕ್ ಬ್ರೇಕ್ ಇದ್ದರೆ

ಡಿಸ್ಕ್ ಬ್ರೇಕಿನ ಗಾಡಿಯಲ್ಲಿ ಕೇಬಲ್ ಬದಲು ಬ್ರೇಕ್ ಆಯಿಲ್ ಹರಿಯುವ ಹೋಸ್ ಇರುತ್ತದೆ. ಅಳೆಯುವ ವಿಧಾನ ಮುಂದಿನ ಬ್ರೇಕ್ ಕೇಬಲ್ಲಿನದೇ. ತುದಿಯ ಬ್ಯಾಂಜೋ (ಬೋಲ್ಟ್ ತೂರುವ ಉಂಗುರದಂಥ ಭಾಗ) ಎಷ್ಟು ಓರೆಯಾಗಿದೆ ಎಂಬುದನ್ನು ಹಳೆಯದರೊಂದಿಗೆ ಹೋಲಿಸಿ ಕೊಳ್ಳಬೇಕು, ಬ್ಯಾಂಜೋ ಬೋಲ್ಟಿನ ಎರಡೂ ಕಡೆ ಹೊಸ ತಾಮ್ರದ ವಾಷರ್ ಹಾಕಬೇಕು, ಮುಚ್ಚಳದ ಮೇಲೆ ಬರೆದಿರುವ ದರ್ಜೆಯ, ಹೆಚ್ಚಾಗಿ ಡಾಟ್ 4, ಆಯಿಲನ್ನೇ ತುಂಬಿ ಗಾಳಿಯ ಗುಳ್ಳೆಗಳೆಲ್ಲ ಹೋಗುವವರೆಗೆ ಬ್ಲೀಡ್ ಮಾಡಬೇಕು. ಈ ಆಯಿಲ್ ಪೇಂಟನ್ನು ತಿಂದುಹಾಕುತ್ತದೆ. ಪಕ್ಕದಲ್ಲಿ ಒಂದು ಚೊಂಬು ನೀರಿಟ್ಟುಕೊಂಡು, ಹನಿ ಬಿದ್ದ ಕೂಡಲೇ ತೊಳೆಯಿರಿ.

ನಮ್ಮ ದೇಶದಲ್ಲಿ 125 ಸಿಸಿಗಿಂತ ದೊಡ್ಡ ದ್ವಿಚಕ್ರ ವಾಹನಗಳ ಹೊಸ ಮಾಡೆಲ್‌ಗಳಿಗೆ 2018ರ ಏಪ್ರಿಲ್‌ನಿಂದಲೂ ಉಳಿದವುಗಳಿಗೆ 2019ರ ಏಪ್ರಿಲ್‌ನಿಂದಲೂ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಗಿದೆ. ಅಂಥ ಗಾಡಿಯ ಎಬಿಎಸ್ ಘಟಕದೊಳಗೆ ಗಾಳಿ ಸೇರಿದರೆ ಮಾಮೂಲಿ ಬ್ಲೀಡಿಂಗಿನಿಂದ ಹೋಗದಿರಬಹುದು. ಆ ಕೆಲಸವನ್ನು ಸರ್ವಿಸ್ ಸೆಂಟರಿಗೆ ಬಿಡುವುದೇ ಸರಿ.

ರಸ್ತೆಗಿಳಿಯುವ ಮುನ್ನ

ಎಂಜಿನ್ ಬಂದ್ ಇರುವಾಗ ಹ್ಯಾಂಡಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸುತ್ತಾ ನೋಡಿ. ಪೂರ್ತಿ ತಿರುಗಿದಾಗ ಗ್ರಿಪ್ಪಿಗೂ ಟ್ಯಾಂಕಿಗೂ ನಡುವೆ ನಿಮ್ಮ ಹೆಬ್ಬೆರಳು ಸಿಕ್ಕಿಕೊಳ್ಳದಷ್ಟು ಜಾಗವಿದೆಯೇ, ಲಿವರ್ ಟ್ಯಾಂಕಿಗೆ ತಾಗುತ್ತದೆಯೇ, ಹ್ಯಾಂಡಲ್ ಲಾಕ್ ಬೀಳುತ್ತದೆಯೇ ಎಂಬುದನ್ನು ಪರೀಕ್ಷಿಸಿ. ಎಡ, ನಡು, ಬಲ ಈ ಮೂರೂ ಸ್ಥಿತಿಗಳಲ್ಲಿ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಬಿಟ್ಟರೆ ಅದು ಟಪ್ಪನೆ ತಾನಾಗಿ ಹಿಂದಿರುಗಬೇಕು. ನಿಧಾನವಾಗಿ ತೆವಳಿಕೊಂಡು ಬಂದರೆ ಎಲ್ಲೋ ಮಡಿಕೆ ಬಿದ್ದಿದೆ ಎಂದರ್ಥ.

ಈಗ ಸೆಂಟರ್ ಸ್ಟ್ಯಾಂಡಿನಲ್ಲಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಸ್ಟಾರ್ಟ್ ಮಾಡಿ, ಬಿಸಿಯಾಗಿ ಸಮವಾಗಿ ಓಡುವವರೆಗೆ ಕಾಯಿರಿ. ಅನಂತರ ಆಕ್ಸಿಲರೇಟರ್ ಮುಟ್ಟದೆ ಹ್ಯಾಂಡಲನ್ನು ಪೂರ್ತಿ ಎಡಕ್ಕೂ ಪೂರ್ತಿ ಬಲಕ್ಕೂ ಒಯ್ಯಿರಿ. ಎಂಜಿನ್ನಿನ ಸದ್ದು ಕೂದಲೆಳೆಯಷ್ಟು ಏರಿದರೂ ಆ ಗಾಡಿ ರಸ್ತೆಗಿಳಿಯಬಾರದು. ಆ ಕಾಂಪೌಂಡ್ ಗೋಡೆಯ ಘಟನೆಯ ಮೊದಲು ನಾನು ಈ ಒಂದು ನಿಮಿಷದ ಪರೀಕ್ಷೆಯನ್ನು ಮಾಡಿರಲಿಲ್ಲ. ಗೇರ್ ಹಾಕಿ ಕ್ಲಚ್ ಒತ್ತಿ ಹಿಡಿದೂ ಇದೇ ರೀತಿ ತಿರುಗಿಸಿ ನೋಡಿ. ಹಿಂದಿನ ಚಕ್ರ ಯಾವ ಸ್ಥಿತಿಯಲ್ಲೂ ಬಲವಾಗಿ ತಿರುಗಲು ಹವಣಿಸಬಾರದು. ಕನ್ನಡಿ, ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟುಗಳನ್ನೂ ನೋಡಿಕೊಂಡು, ಮೊದಲ ಓಟವನ್ನು ವಾಹನಗಳಿಲ್ಲದ ರಸ್ತೆಯಲ್ಲಿ ಮಾಡಿ, ಮುಂದಿನ ಬ್ರೇಕನ್ನು ಕಡಿಮೆ ವೇಗದಲ್ಲಿ ಹಲವು ಸಲ ಹಿಡಿದು ನೋಡಿ.

ಹೊಸ ಕೇಬಲ್‌ಗಳ ಔಟರ್ ಮೊದಲ ಕೆಲವು ದಿನಗಳಲ್ಲಿ ತನ್ನ ಜಾಗಕ್ಕೆ ಕೂರುತ್ತಾ ತುಸು ಕುಗ್ಗುವುದರಿಂದ ಪ್ಲೇ ಹೆಚ್ಚಾಗುತ್ತದೆ. ನೂರಿನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ಎಲ್ಲ ಅಡ್ಜಸ್ಟರ್‌ಗಳನ್ನೂ ಕ್ಲ್ಯಾಂಪಿನ ಬೋಲ್ಟುಗಳನ್ನೂ ಇನ್ನೊಮ್ಮೆ ನೋಡಿ. ಹಳೆಯ ಹ್ಯಾಂಡಲ್ ಮತ್ತು ಕೇಬಲ್‌ಗಳನ್ನು ಗುಜರಿಗೆ ಹಾಕಬೇಡಿ. ಎಣ್ಣೆ ಸವರಿ, ಪತ್ರಿಕೆಯಲ್ಲಿ ಸುತ್ತಿ, ಯಾವುದು ಯಾವ ಕೇಬಲ್ ಎಂದು ಚೀಟಿ ಅಂಟಿಸಿ ಅಟ್ಟದ ಮೇಲಿಡಿ; ಹದಿನೈದು ವರ್ಷ ತುಂಬಿದ ಗಾಡಿಯ ಆರ್‌ಸಿ ನವೀಕರಿಸಲು ಆರ್‌ಟಿಒ ಮುಂದೆ ನಿಲ್ಲಿಸುವ ಹಿಂದಿನ ದಿನ ಅವು ಬೇಕಾಗುತ್ತವೆ.